ಕಬ್ಬಿಣವೆಂದು ಬರೆದಿದ್ದ ಎಂಟು ಕಂಬಗಳು

ಆ ಟಿಪ್ಪಣಿಯ ಕಾರ್ಬನ್ ಪ್ರತಿ ಈಗಲೂ ನನ್ನ ಹತ್ತಿರ ಇದೆ. ಒಂದೂವರೆ ಪುಟ. ತಲೆಬರಹ: ‘ಬಳ್ಳಾರಿಯ ಒಂದು ಹಳೆಯ ಬಂಗಲೆ, ಅದರ ವಾಸ್ತು ಮತ್ತು ಮಹತ್ವ’. ಎರಡನೆಯ ಪ್ಯಾರಾದಲ್ಲಿ ಒಂದು ವಾಕ್ಯವಿದೆ: ‘ಮುಂಭಾಗದ ವರಾಂಡವನ್ನು ಹೊತ್ತಿರುವ ಎಂಟು ಎರಕದ ಕಬ್ಬಿಣದ ಕಂಬಗಳು ಇಂಗ್ಲೆಂಡ್ ಸೀಮೆಯಿಂದ ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ಗೂಡ್ಸ್ ರೈಲಿನಲ್ಲಿ ಬಳ್ಳಾರಿ ಸೇರಿದವು.’ ಹಾಗೆ ಹೇಳುತ್ತಾರೆ ಎಂದು ಒಂದು ಮಾತು ಸೇರಿಸಿದ್ದರೂ ಆಗುತ್ತಿತ್ತು. ಸೇರಿಸಲಿಲ್ಲ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿ, ಆಧಾರವಿಲ್ಲದೆ ಏನನ್ನೂ ಬರೆಯಬಾರದು ಎಂಬ ಪಾಠವನ್ನು ಎರಡು ವರ್ಷ ಕೇಳಿ ಬಂದವಳು ನಾನು.

ಆ ವಾಕ್ಯದಿಂದ ದೊಡ್ಡವ್ವನ ಹಾಸ್ಟೆಲ್ಲು ಮುಚ್ಚುವುದರಲ್ಲಿತ್ತು.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಅವಳ ಮಾವ ಹತ್ತಿ ವ್ಯಾಪಾರಿ. ಬಳ್ಳಾರಿಯ ಕಂಟೋನ್ಮೆಂಟ್ ಕಡೆ, ಕೋಟೆಗುಡ್ಡ ಕಾಣುವ ಒಂದು ರಸ್ತೆಯಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ಹತ್ತಿಪ್ಪತ್ತು ವರ್ಷಗಳೊಳಗೆ ಅವರು ಆ ಬಂಗಲೆ ಕಟ್ಟಿಸಿದರು. ಎದುರಿಗೆ ನಿಂತು ನೋಡಿದರೆ ಯಾರೋ ದೊರೆ ಬಿಟ್ಟುಹೋದ ಮನೆ ಅನ್ನಿಸುತ್ತಿತ್ತು. ಉದ್ದನೆಯ ವರಾಂಡ, ಅದರಲ್ಲಿ ಎಂಟು ಹಸಿರು ಕಂಬಗಳು, ಕಂಬದ ತಲೆಗೆ ಎಲೆಗಳ ಗೊಂಚಲು. ಬಾಗಿಲುಗಳ ಮೇಲೆ ಅರ್ಧಚಂದ್ರದ ಬಣ್ಣದ ಗಾಜು. ಮಹಡಿಗೆ ತೇಗದ ಮೆಟ್ಟಿಲು. ಆದರೆ ನಡುಮನೆ ದಾಟಿದರೆ ಅದು ನಮ್ಮ ಮನೆಯೇ. ಪೂರ್ವಕ್ಕೆ ಮುಖ ಮಾಡಿದ ಅಡುಗೆಮನೆ, ಗೋಡೆಯೊಳಗೆ ಕೊರೆದ ದೇವರ ಗೂಡು, ಜೋಳದ ಚೀಲ ಇಡುವ ಕತ್ತಲೆಯ ಕೋಣೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಬಂಡೆ. ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿಗೆ ನಿಲ್ಲಿಸಿ, ಸುಣ್ಣದ ಗಚ್ಚು ಬಡಿದು ಮಾಡಿದ ಮದ್ರಾಸ್ ತಾರಸಿ. ಏಪ್ರಿಲ್ ತಿಂಗಳಲ್ಲಿ ಗುಡ್ಡದ ಬಂಡೆಗಳೆಲ್ಲ ಕಾದು ಊರಿನ ಮೇಲೆ ಉಸಿರು ಬಿಡುವಾಗಲೂ ಆ ನಡುಮನೆಯ ನೆಲದ ಮೇಲೆ ಚಾಪೆಯಿಲ್ಲದೆ ಮಲಗಬಹುದಿತ್ತು.

ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡವ್ವ ಆ ಮನೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲು ಶುರು ಮಾಡಿದಳು. ಶುರು ಮಾಡಿದಳು ಅನ್ನುವುದಕ್ಕಿಂತ ಅದು ತಾನೇ ಬೆಳೆಯಿತು. ಸಿರುಗುಪ್ಪದಿಂದ ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಓದಲು ಬಂದು ಉಳಿದಳು. ಮರುವರ್ಷ ಸಿರಿಗೇರಿಯಿಂದ ಅಕ್ಕತಂಗಿಯರಿಬ್ಬರು. ನಾನು ಹೇಳುತ್ತಿರುವ ವರ್ಷಕ್ಕೆ ಹದಿನಾಲ್ಕು ಜನ. ಅವರಲ್ಲಿ ಆರು ಮಂದಿ ಮಹಡಿಯ ಮುಂದಿನ ಕೋಣೆಯಲ್ಲಿ, ಅಂದರೆ ಸರಿಯಾಗಿ ಆ ವರಾಂಡದ ಮೇಲೆ, ಮಲಗುತ್ತಿದ್ದರು. ಬಳ್ಳಾರಿಗೆ ಹೋದರೆ ಮಗಳು ಎಲ್ಲಿರುತ್ತಾಳೆ ಎಂದು ಕೇಳುವ ಅಪ್ಪಂದಿರಿಗೆ ‘ಕಂಬದ ಬಂಗ್ಲಿ ಅವ್ವನ ಕಡೆ’ ಅಂದರೆ ಸಾಕಾಗುತ್ತಿತ್ತು. ಮಾತು ಅಲ್ಲಿಗೆ ಮುಗಿದು ಹುಡುಗಿಯ ಟ್ರಂಕು ಬಸ್ಸಿನ ಮೇಲೆ ಏರುತ್ತಿತ್ತು.

ಆ ಕಂಬಗಳಿಗೆ ನಮ್ಮ ಮನೆಯಲ್ಲಿ ಒಂದು ವಿಶೇಷ ಮರ್ಯಾದೆಯಿತ್ತು. ದಸರೆಗೆ ಹದಿನೈದು ದಿನ ಮುಂಚೆ ಪೇಂಟರ್ ಬಂದು ತುಕ್ಕು ಹಿಡಿಯದಿರಲೆಂದು ಬುಡಕ್ಕೆ ರೆಡ್ ಆಕ್ಸೈಡಿನ ಕೆಂಪು ಹಚ್ಚಿ, ಅದರ ಮೇಲೆ ಹಸಿರು ಬಣ್ಣ ಬಳಿದು ಹೋಗುತ್ತಿದ್ದ. ಆಯುಧ ಪೂಜೆಯ ದಿನ ಹೊಲಿಗೆ ಯಂತ್ರ, ಕತ್ತರಿ, ಈಳಿಗೆ, ಸೈಕಲ್ಲು, ಗೇಟು ಎಲ್ಲಕ್ಕೂ ಪೂಜೆಯಾದ ಮೇಲೆ ಕೊನೆಗೆ ಕಂಬಗಳ ಪಾಳಿ. ಕಬ್ಬಿಣವಲ್ಲವೇ? ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಒಂದು ಮೊಳ ಚೆಂಡುಹೂವು. ಮನೆಯ ಕಂಬಕ್ಕೆ ಆಯುಧ ಪೂಜೆ ಮಾಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಚಿಕ್ಕವಳಿದ್ದಾಗ ಎಲ್ಲರ ಮನೆಯಲ್ಲೂ ಹೀಗೇ ಅಂದುಕೊಂಡಿದ್ದೆ.

ಆ ವರ್ಷ ಖಾಸಗಿ ಹಾಸ್ಟೆಲ್ಲುಗಳೆಲ್ಲ ಸರಕಾರದ ಮಾನ್ಯತೆ ಪಡೆಯಬೇಕು, ಇಲ್ಲವಾದರೆ ನಡೆಸುವಂತಿಲ್ಲ ಎಂದು ಕಾಗದ ಬಂತು. ನಾನಾಗ ಸಿರುಗುಪ್ಪದಲ್ಲಿ ತವರುಮನೆಯಲ್ಲೇ ಇದ್ದು ಕಾಲೇಜಿನ ಮಕ್ಕಳಿಗೆ ಇತಿಹಾಸ ಕಲಿಸುತ್ತಿದ್ದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಬಳ್ಳಾರಿಗೆ ಬಂದರೆ ದೊಡ್ಡವ್ವ ಅರ್ಜಿಯ ಕಾಗದಗಳನ್ನು ನನ್ನ ಮುಂದೆ ಹಾಕಿದಳು.

“ಮನಿ ಬಗ್ಗೆ ನಾಕು ಛಲೋ ಮಾತು ಬರದು ಇದಕ್ಕ ಹಚ್ಚು. ಓದಿದಾಕಿ ಅದೀಯಲ್ಲ, ಅವರು ಓದಿ ಹೌದು ಅನಬೇಕು.”

ಬರೆದೆ. ಬರೆಯುವಾಗ ಬಹಳ ಖುಷಿಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಮದ್ರಾಸ್ ತಾರಸಿಯ ಬಗ್ಗೆ ಎರಡು ಸಾಲು, ಬಣ್ಣದ ಗಾಜಿಗೆ ಎರಡು ಸಾಲು, ಉಳಿದದ್ದೆಲ್ಲ ಕಂಬಗಳಿಗೆ. ದೂರದಿಂದ ಬಂದದ್ದು ದೊಡ್ಡದು ಎಂದು ನನ್ನ ಮನಸ್ಸಿನಲ್ಲಿ ಎಲ್ಲೋ ಕೂತಿತ್ತು. ಇಲ್ಲೇ ಸುಟ್ಟ ಇಟ್ಟಿಗೆ, ಇಲ್ಲೇ ಅರೆದ ಗಚ್ಚು ನನಗೆ ಮಹತ್ವದ್ದಾಗಿ ಕಂಡಿರಲಿಲ್ಲ.

ಜನವರಿಯ ಕೊನೆಗೆ ಮನೆ ನೋಡಲು ಒಬ್ಬ ಎಂಜಿನಿಯರ್ ಬಂದರು. ಬೇರೆ ಕಡೆಯವರು, ವಯಸ್ಸು ಚಿಕ್ಕದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಅವರ ಕೈಯಲ್ಲಿ ನನ್ನ ಟಿಪ್ಪಣಿಯಿತ್ತು. ಅಡುಗೆಮನೆ, ಬಚ್ಚಲು, ಬಾವಿ ಎಲ್ಲ ನೋಡಿ ತಲೆಯಾಡಿಸಿದರು. ಕೊನೆಗೆ ವರಾಂಡಕ್ಕೆ ಬಂದು ಕೂತುಬಿಟ್ಟರು. ದಸರೆಯ ಬಣ್ಣ ಬುಡದಲ್ಲಿ ಎದ್ದು, ಹಸಿರಿನ ಬಿರುಕಿನಿಂದ ಕೆಂಪು ಕಲೆ ನೆಲದ ಕಲ್ಲಿನವರೆಗೆ ಇಳಿದಿತ್ತು.

“ಇದನ್ನು ಬರೆದವರು ನೀವೇ ಅಲ್ಲವಾ ಮೇಡಂ?”

ಹೌದೆಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಎರಕದ ಕಬ್ಬಿಣ, ವಯಸ್ಸು ಅರವತ್ತರ ಮೇಲೆ. ಇಂಥ ಕಂಬ ಒಳಗೆ ಟೊಳ್ಳಾಗಿರುತ್ತೆ. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತೆ, ಹೊರಗೆ ಇಷ್ಟು ಕಾಣಿಸಿದರೆ ಒಳಗೆ ಎಷ್ಟಿದೆಯೋ. ಮೇಲೆ ಮಕ್ಕಳು ಮಲಗುತ್ತಾರೆ ಅಂತೀರಿ.” ಅವರ ದನಿಯಲ್ಲಿ ದರ್ಪವಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. “ನಾನು ಹೇಗೆ ಸಹಿ ಹಾಕಲಿ, ನೀವೇ ಹೇಳಿ.”

ಅವರು ಬರೆದುಕೊಟ್ಟದ್ದು ಇಷ್ಟು: ಮುಂದಿನ ತಿಂಗಳ ಕೊನೆಯೊಳಗೆ ಕಂಬಗಳು ಗಟ್ಟಿ ಇವೆ ಎಂದು ತೋರಿಸಬೇಕು. ಇಲ್ಲವಾದರೆ ವರಾಂಡ ಮತ್ತು ಅದರ ಮೇಲಿನ ಕೋಣೆಯನ್ನು ಕೆಡವಬೇಕು. ಅಲ್ಲಿಯವರೆಗೆ ಮಹಡಿಯಲ್ಲಿ ಯಾರೂ ಮಲಗುವಂತಿಲ್ಲ. ಎರಡೂ ಆಗದಿದ್ದರೆ ಮಾನ್ಯತೆ ಇಲ್ಲ. ಮಾರ್ಚಿನಲ್ಲಿ ಹುಡುಗಿಯರ ಪರೀಕ್ಷೆ.

ಅವರು ಹೋದ ಮೇಲೆ ದೊಡ್ಡವ್ವ ಮಹಡಿಯ ಹುಡುಗಿಯರ ಹಾಸಿಗೆಗಳನ್ನು ನಡುಮನೆಗೆ ಇಳಿಸಿದಳು. ಉಳಿದವರವೂ ಸೇರಿ ಹದಿನಾಲ್ಕು ಟ್ರಂಕುಗಳು ಗೋಡೆಗುಂಟ ನಿಂತವು. ಆಮೇಲೆ ನನ್ನ ಕಡೆ ತಿರುಗಿದಳು.

“ಏನಂತ ಬರದೀ ಅದರಾಗ? ಓದು ನೋಡೂಣು.”

ಓದಿದೆ.

“ಹಡಗದಾಗ ಬಂತು ಅಂತ ಬರದಿ. ಅದ ಹಡಗ ಹತ್ತಿ ವಾಪಸ್ ಹೊಂಟೈತಿ ನನ್ನ ಮನಿ.” ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, “ನಿನಗ ಯಾರು ಹೇಳಿದರು ಇದನ್ನ?”

“ಅಜ್ಜ ಹೇಳಿದ್ದರು. ನಿನ್ನ ಮಾವ. ಈ ವರಾಂಡದಾಗ ಆರಾಮ ಕುರ್ಚಿ ಮ್ಯಾಲ ಕುಂತು, ಮದ್ರಾಸಿನ ಹಡಗಿನ ಕತಿ ಹೇಳ್ತಿದ್ದರಲ್ಲ.”

ದೊಡ್ಡವ್ವ ನನ್ನ ಮುಖ ನೋಡಿದಳು. “ಅವರು ತೀರಿ ಮೂರು ವರ್ಷಕ್ಕ ನೀ ಹುಟ್ಟೀದಿ. ನೀ ನೋಡಿದ್ದು ಆ ಗ್ವಾಡಿ ಮ್ಯಾಲಿನ ಫೋಟೋ.”

ನಡುಮನೆಯ ಗೋಡೆಯ ಮೇಲೆ ಆ ಫೋಟೋ ಇತ್ತು. ತಲೆಗೆ ಪಟಕ ಸುತ್ತಿದ ಮುದುಕರು, ಆರಾಮ ಕುರ್ಚಿ, ಹಿಂದೆ ಎರಡು ಕಂಬ. ನನ್ನ ನೆನಪಿನ ಅಜ್ಜ ಕೂತಿದ್ದ ಹಾಗೆಯೇ ಕೂತಿದ್ದರು. ಅವರ ದನಿ ಕೂಡ ನನಗೆ ನೆನಪಿತ್ತು, ಸ್ವಲ್ಪ ಒರಟು, ನಡುವೆ ಕೆಮ್ಮು. ಆ ದನಿ ಯಾರದು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಪೇಂಟರನದೇ ಇರಬಹುದು. ಹಾಗಾದರೆ ಹಡಗಿನ ಕತೆಯನ್ನು ನಿನಗೆ ಯಾರು ಹೇಳಿದರು ಎಂದು ದೊಡ್ಡವ್ವನನ್ನು ಕೇಳಿದೆ. “ಯಾರು ಹೇಳಬೇಕು? ಕಬ್ಬಿಣ ಮತ್ತೆಲ್ಲಿಂದ ಬರತೈತಿ?” ಅಂದಳು. ಅಲ್ಲಿಗೆ ನನ್ನ ಆಧಾರಗಳು ಮುಗಿದವು.

ಮರುದಿನ ಸಿರುಗುಪ್ಪಕ್ಕೆ ಹೋದವಳೇ ಹಳೆಯ ಡೈರಿಗಳನ್ನು ಹುಡುಕಿದೆ. ಹನ್ನೊಂದನೆಯ ವಯಸ್ಸಿನಿಂದ ನಾನು ಬರೆಯುತ್ತ ಬಂದಿದ್ದೇನೆ. ಕಂಬಗಳು ಕಬ್ಬಿಣದವು ಎಂಬುದಕ್ಕೆ ನನ್ನ ಬಳಿ ಇನ್ನೊಂದು ಸಾಕ್ಷಿಯಿತ್ತು: ಸಣ್ಣವಳಿದ್ದಾಗ ನಾಣ್ಯದಿಂದ ಬಡಿದಿದ್ದೆ, ಅವು ಗಂಟೆಯ ಹಾಗೆ ಸದ್ದು ಮಾಡಿದ್ದವು, ಕಂಬಕ್ಕೆ ಏಟಾಗುತ್ತದೆಂದು ದೊಡ್ಡವ್ವ ಬೈದಿದ್ದಳು. ಡೈರಿಯಲ್ಲಿ ಅದು ಸಿಕ್ಕಿತು, ಬೇಸಿಗೆ ರಜೆಯ ಒಂದು ಪುಟದಲ್ಲಿ. ‘ದೊಡ್ಡವ್ವನ ಮನೆಯಲ್ಲಿ ಹಿತ್ತಾಳೆ ತಂಬಿಗೆಯಿಂದ ಎಲ್ಲ ಕಂಬಗಳಿಗೆ ಹೊಡೆದೆ. ಗಂಟೆಯ ಹಾಗೆ ಗಣ್ ಎಂದವು. ಬೇವಿನ ಗಿಡದ ಕಡೆಯ ಕಂಬ ಮಾತ್ರ ಮುನಿಸಿಕೊಂಡಿದೆ, ಮಾತಾಡಲಿಲ್ಲ. ದೊಡ್ಡವ್ವ ಬೈದಳು.’ ನಾಣ್ಯ ಅಲ್ಲ, ತಂಬಿಗೆ. ಇಷ್ಟು ಚಿಕ್ಕ ವಿಷಯದಲ್ಲೂ ನನ್ನ ನೆನಪು ತಪ್ಪಿತ್ತು. ಆದರೆ ಗಣ್ ಎಂದದ್ದು ನಿಜ. ಗಣ್ ಎಂದರೆ ಕಬ್ಬಿಣ. ನಾನು ಡೈರಿ ಮುಚ್ಚಿದೆ. ಮುನಿಸಿಕೊಂಡ ಕಂಬದ ಮಾತನ್ನು ಮಕ್ಕಳ ಆಟವೆಂದು ಬಿಟ್ಟುಬಿಟ್ಟೆ.

ಫೆಬ್ರುವರಿಯ ಎರಡನೆಯ ವಾರ ನಮ್ಮ ಕಾಲೇಜಿನ ಮಕ್ಕಳನ್ನು ಕುರುಗೋಡಿಗೆ ಕರೆದುಕೊಂಡು ಹೋಗುವುದಿತ್ತು. ಅಲ್ಲಿನ ಹಳೆಯ ಗುಡಿಗಳನ್ನು ತೋರಿಸುವುದು ಪ್ರತಿ ವರ್ಷದ ಕೆಲಸ. ಮನಸ್ಸಿರಲಿಲ್ಲ, ಆದರೂ ಹೋದೆ. ಒಂದು ಗುಡಿಯ ನವರಂಗದಲ್ಲಿ ನಿಂತು, ಈ ಕಂಬಗಳನ್ನು ತಿರುಗಣಿಯಲ್ಲಿ ತಿರುಗಿಸುತ್ತ ಕಡೆದಿದ್ದಾರೆ, ಅಂಚುಗಳು ಎಷ್ಟು ಚೂಪು ನೋಡಿ, ಎಂದು ಹಿಂದಿನ ವರ್ಷ ಹೇಳಿದ್ದನ್ನೇ ಹೇಳುತ್ತಿದ್ದೆ. ಹುಡುಗಿಯೊಬ್ಬಳು, “ಮಿಸ್, ರೊಟ್ಟಿ ಒಂದರ ಮ್ಯಾಲೊಂದು ಇಟ್ಟಂಗ ಐತ್ರಿ” ಅಂದಳು.

ರೊಟ್ಟಿಗಳ ಆ ಸಾಲು ನಾನು ಬಲ್ಲದ್ದು. ವರಾಂಡದ ಕಂಬದಲ್ಲಿ ಎಲೆಗಳ ಗೊಂಚಲಿನ ಕೆಳಗೆ ಹೀಗೆಯೇ ಮೂರು ತೆಳು ಬಿಲ್ಲೆಗಳು, ನಡುವಿನದು ಸ್ವಲ್ಪ ಅಗಲ. ಇಲ್ಲಿಯೂ ನಡುವಿನದು ಅಗಲ. ನೂರಾರು ವರ್ಷ ಹಳೆಯ ಕಲ್ಲು ಇದು, ಸೀಮೆಯ ಕಬ್ಬಿಣ ಅದು. ಸೀಮೆಯಲ್ಲಿ ಎರಕ ಹೊಯ್ದವನಿಗೆ ಕುರುಗೋಡಿನ ರೊಟ್ಟಿ ಎಲ್ಲಿಂದ ಗೊತ್ತು? ಆದರೂ ನನ್ನ ಮೇಲೆ ನನಗೆ ನಂಬಿಕೆಯಿರಲಿಲ್ಲ. ಗೋಡೆಯ ಫೋಟೋವನ್ನು ಅಜ್ಜನೆಂದು ಮಾಡಿಕೊಂಡವಳು, ಬೇಕಾದಾಗ ಬೇಕಾದ ಬಿಲ್ಲೆಗಳನ್ನು ಕಂಬಕ್ಕೆ ಅಂಟಿಸಲಾರೆನೆ?

ಬಸ್ ನಿಲ್ದಾಣದ ದಾರಿಯಲ್ಲಿ ಬೀಸುಕಲ್ಲು, ರುಬ್ಬುಗುಂಡು ಮಾಡುವ ಮುದುಕರೊಬ್ಬರು ತಗಡಿನ ನೆರಳಿನಲ್ಲಿ ಕೂತಿರುತ್ತಿದ್ದರು. ಬಿಳಿ ಗಡ್ಡ, ತಲೆಗೆ ನೂಲಿನ ಟೋಪಿ. ಊರೆಲ್ಲ ತಾತ ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ಮಕ್ಕಳು ಸೋಡಾ ಕುಡಿಯುವಷ್ಟರಲ್ಲಿ ಅವರಿಗೆ ಎಲ್ಲ ಹೇಳಿದೆ. ಅವರು ಉಳಿ ಕೆಳಗಿಡದೆ ಕೇಳಿದರು.

“ಬಡದ್ರ ಗಣ್ ಅಂತೈತಿ, ಅದಕ್ಕ ಕಬ್ಬಿಣ ಅಂತೀರಿ?”

“ಹೌದು ತಾತ.”

ಅವರು ಪಕ್ಕದಲ್ಲಿದ್ದ ಅರ್ಧ ಮುಗಿದ ಗುಂಡುಕಲ್ಲಿಗೆ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು ಹಾಕಿದರು. ಗಣ್ ಎಂದಿತು. ಅದರಾಚೆಯ ಇನ್ನೊಂದಕ್ಕೆ ಹಾಕಿದರು. ದಬ್ಬ್ ಎಂದಿತು. “ಇದು ಒಳಗ ಸೀಳೈತಿ, ಆ ಕಡೆ ಒಗಿಯೂದ. ನಾವು ಕಲ್ಲು ಆರಿಸೂದ ಹಿಂಗ, ಯವ್ವಾ. ಛಲೋ ಕಲ್ಲು ಹಾಡತೈತಿ. ಸಾಲಿಯೊಳಗ ಇದನ್ನ ಹೇಳಿಕೊಡಂಗಿಲ್ಲೇನು?”

ಹೇಳಿಕೊಡುವುದಿಲ್ಲ ಅಂದೆ.

ಅವರು ಮುಂದಿನ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬಳ್ಳಾರಿಗೆ ಬಂದರು. ಸುತ್ತಿಗೆಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ದೊಡ್ಡವ್ವ ಚಹಾ ಕೊಟ್ಟಳು, ಮಂಡಕ್ಕಿ ಕೊಟ್ಟಳು, ಆದರೆ ಕಣ್ಣು ಮಾತ್ರ ಆ ಟವೆಲಿನ ಮೇಲಿತ್ತು.

“ಬಣ್ಣ ಕೀಳಬ್ಯಾಡ್ರಿ ಮತ್ತ. ದಸರಾಕ್ಕ ಹಚ್ಚಿಸಿದ್ದು.”

“ಬಣ್ಣದ್ದೇನು ಚಿಂತಿರಿ ಅಕ್ಕಾರ? ಮನಿ ಹೊಂಟೈತಿ ಅಂದ್ರು, ಅದಕ್ಕ ಬಂದೀನಿ.”

“ಮನಿ ಹೋದರೂ ಬಣ್ಣ ಇರಲಿ ಅಂತಾರ ನಮ್ಮ ದೊಡ್ಡವ್ವ” ಅಂದೆ ನಾನು. ಮೆಟ್ಟಿಲ ಮೇಲೆ ಸಾಲಾಗಿ ಕೂತ ಹುಡುಗಿಯರು ನಕ್ಕರು. ದೊಡ್ಡವ್ವ ನನ್ನನ್ನು ನೋಡಿದ ನೋಟದಿಂದ, ನನಗೆ ನಗಿಸುವ ಹಕ್ಕು ಇನ್ನೂ ಮರಳಿ ಬಂದಿಲ್ಲವೆಂದು ಗೊತ್ತಾಯಿತು.

ತಾತ ಮೊದಲನೆಯ ಕಂಬಕ್ಕೆ ಒಂದು ಕಡೆ ಅಂಗೈ ಇಟ್ಟು ಇನ್ನೊಂದು ಕಡೆ ಬಡಿದರು. ಗಣ್ ಎಂದಿತು. ಕಣ್ಣು ಮುಚ್ಚಿ ಇನ್ನೊಮ್ಮೆ ಬಡಿದರು. ಆಮೇಲೆ ಗೇಟಿನ ಹತ್ತಿರ ಹೋಗಿ ಅದರ ಕಬ್ಬಿಣದ ಸರಳಿಗೆ ಬಡಿದು ನಮ್ಮೆಲ್ಲರ ಕಡೆ ತಿರುಗಿದರು.

“ಕೇಳಿದ್ರ್ಯಾ? ಕಬ್ಬಿಣ ದನಿ ಎಳೀತೈತಿ. ಕಲ್ಲು ಹೇಳೂದು ಹೇಳಿ ಸುಮ್ಮನಾಗತೈತಿ.”

ಮತ್ತೆ ಕಂಬಕ್ಕೆ ಬಡಿದರು. ಈ ಸಲ ನಮಗೂ ಕೇಳಿತು. ಗೇಟಿನ ಸದ್ದು ರಸ್ತೆಯವರೆಗೆ ಹೋಗುತ್ತಿತ್ತು, ಕಂಬದ್ದು ವರಾಂಡದೊಳಗೇ ನಿಲ್ಲುತ್ತಿತ್ತು.

ದೊಡ್ಡವ್ವ ತಾನೇ ಒಳಗೆ ಹೋಗಿ ಅಡುಗೆಮನೆಯ ಚಾಕು ತಂದು ಕೊಟ್ಟಳು. ತಾತ ಬುಡದಲ್ಲಿ ಅಂಗೈಯಗಲ ಕೆರೆದರು. ಹಸಿರು, ಅದರ ಕೆಳಗೆ ಕೆಂಪು, ಮತ್ತೆ ಹಸಿರು, ಮತ್ತೆ ಕೆಂಪು, ಎಷ್ಟು ದಸರೆಗಳೋ. ಕೆಂಪು ಪುಡಿ ಬೆಳಿಗ್ಗೆ ತೊಳೆದಿದ್ದ ಒದ್ದೆ ನೆಲಕ್ಕೆ ಬಿದ್ದು ಹರಡಿತು. ಎಂಜಿನಿಯರು ನೋಡಿದ ತುಕ್ಕು ಅದೇ. ತುಕ್ಕು ಹಿಡಿಯಬಾರದೆಂದು ವರ್ಷವರ್ಷ ನಾವೇ ಹಚ್ಚಿದ ಕೆಂಪು. ಕಡೆಗೆ ಬೂದು ಬಣ್ಣದ ಕಲ್ಲು, ಅದರ ಮೇಲೆ ಉಳಿಯ ಸಣ್ಣ ಸಣ್ಣ ಗೆರೆಗಳು ಕಾಣಿಸಿದವು.

ದೊಡ್ಡವ್ವ ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದಳು.

ಆಗ ಪಿಯುಸಿ ವಿಜ್ಞಾನ ಓದುತ್ತಿದ್ದ ಸಿರಿಗೇರಿಯ ಹುಡುಗಿ ಮೆಟ್ಟಿಲ ಮೇಲಿನಿಂದ ಮೆಲ್ಲಗೆ ಕೇಳಿದಳು: “ಮಿಸ್, ಒಂದು ಮ್ಯಾಗ್ನೆಟ್ ಹಚ್ಚಿದ್ರ ಗೊತ್ತಾಗತಿತ್ತಲ್ರಿ?”

“ಈಗ ಹೇಳ್ತಿ ಏನ ನೀ” ಅಂದಳು ದೊಡ್ಡವ್ವ. “ಮೂರು ವಾರ ನಡುಮನ್ಯಾಗ ಮೀನಿನಂಗ ಸಾಲಾಗಿ ಮಲಗೀರಿ, ಆವಾಗ ನೆನಪಾಗಲಿಲ್ಲ.”

“ಕಬ್ಬಿಣ ಅಂತ ನೀವೆಲ್ಲಾರೂ ಅಂದಿದ್ರಿ ಅವ್ವಾರ, ಕಬ್ಬಿಣಕ್ಕ ಯಾಕ ಹಚ್ಚಬೇಕು?”

ಆ ಹುಡುಗಿಯ ಮಾತನ್ನು ಅವತ್ತಿನ ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ತಾತ ಒಂದೊಂದೇ ಕಂಬಕ್ಕೆ ಬಡಿಯುತ್ತ ಹೋದರು. ಏಳೂ ಹಾಡಿದವು. ಬೇವಿನ ಗಿಡದ ಕಡೆಯ ಎಂಟನೆಯದು ದಬ್ಬ್ ಎಂದಿತು. ಇನ್ನೊಮ್ಮೆ ಬಡಿದರು. ದಬ್ಬ್. ಅಂಗೈ ಮೇಲೆ ಕೆಳಗೆ ಸರಿಸುತ್ತ ಎದೆಯೆತ್ತರದಲ್ಲಿ ನಿಲ್ಲಿಸಿದರು. ಕೆರೆದಾಗ ಬಣ್ಣದ ಕೆಳಗೆ ಕೂದಲಿನಷ್ಟು ತೆಳ್ಳಗೆ ಓರೆಯಾದ ಒಂದು ಸೀಳು ಕಾಣಿಸಿತು.

ದೊಡ್ಡವ್ವನ ಮುಖ ಮತ್ತೆ ಇಳಿಯಿತು. “ಏಳು ಇದ್ದು ಏನ್ ಮಾಡೂದು? ಒಂದು ಬಿದ್ದರ ಎಲ್ಲಾ ಬಿತ್ತು.”

“ಸೀಳು ಹಳೇದೋ ಹೊಸಾದೋ ಅದರ ಮ್ಯಾಲೈತ್ರಿ” ಅಂದರು ತಾತ. “ಹೊಸಾದಾದ್ರ ಬೆಳೀತೈತಿ. ಹಳೇದಾದ್ರ, ಹೊತ್ತು ನಿಂತು ರೂಢಿ ಆಗೈತಿ, ಒಂದು ಪಟ್ಟಿ ಬಿಗದ್ರ ನನ್ನ ಮಮ್ಮಗನ ಕಾಲಕ್ಕೂ ನಿಲ್ಲತೈತಿ. ಆದ್ರ ಹಳೇದಂತ ಹೆಂಗ ಹೇಳೂದು? ಮ್ಯಾಲ ಬಣ್ಣ ಬಳದೀರಿ.”

ಮುನಿಸಿಕೊಂಡ ಕಂಬ ಆಗ ನನಗೆ ನೆನಪಾಯಿತು. ನೆನಪಾಯಿತು ಎಂದು ಸುಲಭವಾಗಿ ಬರೆಯುತ್ತೇನೆ. ನಿಜವಾಗಿ ಅದು ನೆನಪಲ್ಲ, ಮೂರು ವಾರದ ಹಿಂದೆ ಓದಿ ಬಿಟ್ಟ ಒಂದು ಸಾಲು. ಆ ಏಟಿನ ಸದ್ದು ನನ್ನ ಕಿವಿಯಲ್ಲಿ ಎಳ್ಳಷ್ಟೂ ಉಳಿದಿರಲಿಲ್ಲ. ಎಂಟೂ ಗಣ್ ಎಂದವು ಎಂದೇ ನಾನು ಯಾರ ಮುಂದೆಯೂ ಆಣೆ ಮಾಡುತ್ತಿದ್ದೆ. ಆದರೆ ಹನ್ನೊಂದು ವರ್ಷದ ಹುಡುಗಿ ಅವತ್ತು ಸಂಜೆಯೇ ಕೂತು ಬರೆದಿದ್ದಳು. ಅವಳಿಗೆ ಏನನ್ನೂ ಸಾಧಿಸಬೇಕಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ, ಮರುದಿನ ಕಾಲೇಜಿಗೆ ರಜೆ ಹಾಕಿ, ಡೈರಿಯೊಂದಿಗೆ ಬಳ್ಳಾರಿಗೆ ಬಂದೆ. ಎಂಜಿನಿಯರ್ ಸಂಜೆ ಮನೆಗೆ ಬಂದರು. ಅವರಿಗೆ ಮೊದಲು ಕೆರೆದ ಕಲ್ಲು ತೋರಿಸಿದೆ, ಆಮೇಲೆ ಸೀಳು ತೋರಿಸಿದೆ, ಆಮೇಲೆ ಆ ಪುಟ. ಅವರು ನಿಂತಲ್ಲೇ ಎರಡು ಸಲ ಓದಿದರು.

“ಇದನ್ನೂ ನೀವೇ ಬರೆದದ್ದಾ?”

“ಹೌದು. ಆದರೆ ಇದು ಸರಿಯಾಗಿದೆ.”

ಅವರು ಮೊದಲ ಬಾರಿ ನಕ್ಕರು. ಸುತ್ತಿಗೆ ತರಿಸಿ ತಾವೇ ಎಂಟಕ್ಕೂ ಬಡಿದರು. ಕೋಣೆಯಿಂದ ಕೋಣೆಗೆ ಹೋಗಿ ತಾರಸಿಯಲ್ಲಿ ಇಳಿತವಿದೆಯೇ ಎಂದು ದಾರ ಹಿಡಿದು ನೋಡಿದರು. ಎಂಟನೆಯ ಕಂಬದ ಮೇಲೆ ತೊಲೆ ಒಂದು ನೂಲಿನಷ್ಟೂ ಕುಗ್ಗಿರಲಿಲ್ಲ. ಹಳೆಯ ಸೀಳು, ಬೆಳೆದಿಲ್ಲ, ಕಬ್ಬಿಣದ ಪಟ್ಟಿ ಬಿಗಿದು ತೋರಿಸಿದರೆ ಸಹಿ ಹಾಕುತ್ತೇನೆ ಅಂದರು. ಹೋಗುವಾಗ, “ಕಬ್ಬಿಣ ಅಂತ ನೀವು ಬರೆಯದೇ ಇದ್ದಿದ್ದರೆ ನಾನು ಅವತ್ತೇ ಸಹಿ ಹಾಕಿ ಹೋಗುತ್ತಿದ್ದೆನೇನೋ. ಈ ಸೀಳು ಯಾರಿಗೂ ಕಾಣುತ್ತಿರಲಿಲ್ಲ” ಅಂದರು. ನನಗೆ ಸಮಾಧಾನ ಹೇಳಲು ಅಂದರೋ, ನಿಜವಾಗಿ ಅಂದರೋ. ಎರಡಾದರೂ ಉಪಕಾರವೇ.

ಕಮ್ಮಾರನೊಬ್ಬ ಎರಡು ಅರ್ಧ ಪಟ್ಟಿಗಳನ್ನು ಬಾಗಿಸಿ ತಂದು ಸೀಳಿನ ಮೇಲೆ ಜೋಡಿಸಿ ಬೋಲ್ಟು ಬಿಗಿದ. ವಾರದೊಳಗೆ ಸಹಿಯಾದ ಕಾಗದ ಬಂತು. ಆ ಸಂಜೆ ಹುಡುಗಿಯರು ಹಾಸಿಗೆಗಳನ್ನು ತಲೆಯ ಮೇಲೆ ಹೊತ್ತು ಮಹಡಿ ಹತ್ತಿದರು. ದೊಡ್ಡವ್ವ ವರಾಂಡದಲ್ಲಿ ನಿಂತು ತೇಗದ ಮೆಟ್ಟಿಲು ಕಿರುಗುಟ್ಟುವುದನ್ನು ಕೇಳುತ್ತಿದ್ದಳು. ಆರನೆಯ ಹುಡುಗಿ ಹತ್ತಿ ಮುಗಿದು, ಮೇಲಿನ ನೆಲದಲ್ಲಿ ಟ್ರಂಕು ಎಳೆದ ಸದ್ದಾದ ಮೇಲೆ ಕಂಬಕ್ಕೆ ಒರಗಿ ಕೂತಳು. ಒಂದು ತಿಂಗಳಿನಿಂದ ಅವಳು ಆ ಕಂಬಗಳಿಗೆ ಒರಗಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು.

“ಹೋಗು, ಉಣ್ಣು” ಅಂದಳು. ನನ್ನ ಶಿಕ್ಷೆ ಅಲ್ಲಿಗೆ ಮುಗಿಯಿತು.

ಯಾಕೆ ಆ ಹಿರಿಯರು ಕಲ್ಲಿಗೆ ಕಬ್ಬಿಣದ ವೇಷ ಹಾಕಿದರು? ಕಂಟೋನ್ಮೆಂಟಿನ ದೊರೆಗಳ ಮನೆಯ ಕಬ್ಬಿಣದ ಕಂಬ ನೋಡಿ ಆಸೆಪಟ್ಟು, ತರಿಸಲಾಗದೆ, ಕುರುಗೋಡಿನ ಕಡೆಯವರಿಗೆ ಹಾಗೆಯೇ ಕಡೆದುಕೊಡಿ ಅಂದಿರಬಹುದು. ಯುದ್ಧ ಬಂದು ಹಡಗು ನಿಂತಿರಬಹುದು. ವೇಷವೇ ಅಲ್ಲ, ಅವರು ಬರೀ ಹಸಿರು ಬಣ್ಣ ಬಳಿಸಿದ್ದು, ಕಬ್ಬಿಣ ಅಂದವರು ನಂತರ ಬಂದ ನಾವೇ ಇರಬಹುದು. ತಾತನನ್ನು ಕೇಳಿದಾಗ ಅವರು ಅಂದದ್ದು ಇಷ್ಟು: “ನಮ್ಮಜ್ಜನ ಕೈಯೋ, ಅವನ ಜೋಡಿಯವರ ಕೈಯೋ, ಯಾರಿಗ್ಗೊತ್ತು. ಕಲ್ಲಿನ ಮ್ಯಾಲ ಹೆಸರು ಬರಿಯೂ ಪದ್ಧತಿ ನಮ್ಮೊಳಗಿಲ್ಲ. ಆದ್ರ ಆ ಎಲಿ ನೋಡ್ರಿ, ಕಡದವನಿಗೆ ಬರಲಾರದ ಎಲಿ ಐತಿ. ನಮ್ಮ ಕಡಿ ಗಿಡದ್ದಲ್ಲ. ನೋಡಿ ಕಲತಾನ, ಆಮ್ಯಾಲ ಕೆಳಗ ತನಗ ಬರೂ ರೊಟ್ಟಿ ಕಡದಾನ.”

ಟಿಪ್ಪಣಿಯನ್ನು ಹೊಸದಾಗಿ ಬರೆದುಕೊಟ್ಟೆ. ‘ಎಂಟು ಕಲ್ಲಿನ ಕಂಬಗಳು. ಕುರುಗೋಡಿನ ಕಡೆಯ ಕೆಲಸವಿರಬಹುದು.’ ಮೊದಲಿನದಕ್ಕಿಂತ ಅರ್ಧ ಪುಟ ಕಡಿಮೆಯಾಯಿತು. ಈ ಮನೆ ಯಾಕೆ ಉಳಿಯಬೇಕು ಎಂದು ಈಗ ಯಾರಾದರೂ ಕೇಳಿದರೆ, ಬೇರೆಯವರ ಎಲೆಯ ಕೆಳಗೆ ತನ್ನ ರೊಟ್ಟಿ ಕಡೆದವನ ಕೈಯನ್ನು ತೋರಿಸುತ್ತೇನೆ. ಆಗ ಅದನ್ನು ಬರೆಯುವ ಧೈರ್ಯವಿರಲಿಲ್ಲ. ಒಮ್ಮೆ ಸುಟ್ಟುಕೊಂಡಿದ್ದೆ.

ಅದೇ ವರ್ಷದ ದಸರೆಗೆ ಬಂದಾಗ ದೊಡ್ಡವ್ವ ವಿಭೂತಿಯ ತಟ್ಟೆ ಹಿಡಿದು ಎಂದಿನಂತೆ ಮೊದಲನೆಯ ಕಂಬದಿಂದ ಶುರು ಮಾಡಿದ್ದಳು.

“ಕಲ್ಲಂತ ಗೊತ್ತಾತಲ್ಲ ದೊಡ್ಡವ್ವಾ. ಇನ್ನೂ ಆಯುಧ ಪೂಜಿ ಯಾಕ?”

“ಇಷ್ಟು ವರ್ಷ ಮಾಡಿ ಈ ವರ್ಷ ಬಿಟ್ಟರ, ಅವು ಏನಂದಾವು?” ಎಂಟನೆಯ ಕಂಬಕ್ಕೆ ಬಂದಾಗ ಪಟ್ಟಿಯ ಬೋಲ್ಟಿಗೆ ಬೇರೆಯಾಗಿ ಒಂದು ಕುಂಕುಮ ಇಟ್ಟು, ಚೆಂಡುಹೂವನ್ನು ಎರಡು ಸುತ್ತು ಸುತ್ತಿದಳು. “ಇದಕ್ಕಂತೂ ನ್ಯಾಯವಾಗಿ ಸಲ್ಲತೈತಿ.”

ಅವಳು ಒಳಗೆ ಹೋದ ಮೇಲೆ ನಾನು ಪೂಜೆಯ ನೀರಿನ ಹಿತ್ತಾಳೆ ತಂಬಿಗೆ ಎತ್ತಿಕೊಂಡೆ. ಖಾಲಿ ಮಾಡಿ, ಒಂದೊಂದೇ ಕಂಬಕ್ಕೆ ಬಡಿದೆ. ಏಳೂ ಗಣ್ ಎಂದು ಸುಮ್ಮನಾದವು. ಎಂಟನೆಯದು ಪಟ್ಟಿ ಕಟ್ಟಿಕೊಂಡರೂ ಮುನಿಸು ಬಿಟ್ಟಿರಲಿಲ್ಲ.

ಒಳಗಿನಿಂದ ದೊಡ್ಡವ್ವನ ದನಿ ಬಂತು. “ಯಾರಲೇ ಅದು? ಆವತ್ತೂ ಹಿಂಗ ಬಡದು ತಂಬಿಗಿಗೆ ತೆಗ್ಗು ಕೆಡವೀದಿ.”

ತಂಬಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ಕಂಠದ ಕೆಳಗೆ ಹೆಬ್ಬೆರಳಿನಷ್ಟು ಹಳೆಯ ತಗ್ಗೊಂದಿತ್ತು. ಅವತ್ತು ಅವಳು ಬೈದದ್ದು ಕಂಬಕ್ಕಾಗಿ ಅಲ್ಲವೇ ಅಲ್ಲ. ಅದನ್ನೂ ಆ ದಸರೆಯ ದಿನದ ಡೈರಿಯಲ್ಲಿ ಬರೆದುಕೊಂಡೆ, ಸಂಜೆಯಾಗುವ ಮುಂಚೆಯೇ.